ಆಡಿಟ್ ವರದಿಯಲ್ಲಿ ಮೊದಲು ಹುಡುಕಬೇಕಾದದ್ದು

ಹೊಸ ಕ್ರಿಪ್ಟೋ ಟೋಕನ್ ಬಂದಾಗಲೆಲ್ಲ ಟೆಲಿಗ್ರಾಂ ಗುಂಪುಗಳಲ್ಲಿ ಓಡಾಡುವ ಪೋಸ್ಟರ್‌ನ ಮೂಲೆಯಲ್ಲಿ ‘ಆಡಿಟೆಡ್’ ಎಂಬ ಹಸಿರು ಮುದ್ರೆ ಇರುತ್ತದೆ. ಸ್ಮಾರ್ಟ್ ಕಾಂಟ್ರಾಕ್ಟ್, ಅಂದರೆ ಬ್ಲಾಕ್‌ಚೈನ್ ಮೇಲೆ ಓಡುವ ಕೋಡ್, ಅದರ ಆಡಿಟ್ ನನ್ನ ಉದ್ಯೋಗವಾದ್ದರಿಂದ ಪರಿಚಯದವರು ಅದನ್ನು ನನಗೆ ಕಳಿಸಿ, ‘ಆಡಿಟ್ ಆಗಿದೆಯಲ್ಲ, ಹಣ ಹಾಕಬಹುದಾ?’ ಎಂದು ಕೇಳುತ್ತಾರೆ. ಕಂಪನಿಯ ಲೆಕ್ಕ ಪರಿಶೋಧನೆಗೆ ಕಾನೂನು ಇದೆ, ನಮೂನೆ ಇದೆ, ಸಹಿ ಹಾಕಿದ ಚಾರ್ಟರ್ಡ್ ಅಕೌಂಟೆಂಟ್ ಉತ್ತರ ಹೇಳಬೇಕಾಗುತ್ತದೆ. ಟೋಕನ್ ಆಡಿಟ್‌ಗೆ ಅಂಥ ಕಡ್ಡಾಯ ನಮೂನೆ ಇಲ್ಲ. ಟೂಲ್ ಓಡಿಸಿ ಬಂದ ಫಲಿತಾಂಶವನ್ನು ಪಿಡಿಎಫ್ ಮಾಡಿದರೂ ಅದಕ್ಕೆ ಆಡಿಟ್ ಎಂದೇ ಹೆಸರು. ಇಬ್ಬರು ಕೂತು ವಾರಗಟ್ಟಲೆ ಒಂದೊಂದು ಸಾಲು ಓದಿದರೂ ಅದೇ ಹೆಸರು. ಹಾಗಾಗಿ ಮುದ್ರೆ ನೋಡಿ ಏನೂ ತಿಳಿಯುವುದಿಲ್ಲ. ವರದಿಯನ್ನೇ ತೆರೆದು ಓದಬೇಕು. ಕೋಡಿಂಗ್ ಬಾರದವರೂ ಅದರಲ್ಲಿ ಮುಖ್ಯವಾದದ್ದನ್ನು ಓದಿಕೊಳ್ಳಬಹುದು.

ಇಥೀರಿಯಂ ಬ್ಲಾಕ್‌ಚೈನ್ ಮೇಲಿನ, ಇಆರ್‌ಸಿ-20 ಎಂಬ ಮಾದರಿಯ ಟೋಕನ್ ಅಂದರೆ ಮೂಲತಃ ಒಂದು ಪಟ್ಟಿ: ಯಾವ ವಿಳಾಸದ ಹೆಸರಿನಲ್ಲಿ ಎಷ್ಟು ಟೋಕನ್ ಇದೆ ಅನ್ನುವುದು. ಆ ಪಟ್ಟಿಯನ್ನು ಯಾರು, ಯಾವಾಗ, ಹೇಗೆ ತಿದ್ದಬಹುದು ಎಂಬ ನಿಯಮಗಳೇ ಕೋಡ್. ನಾನು ಕೆಲಸ ಶುರು ಮಾಡುವುದು ಒಂದೇ ಒಂದು ನಿಯಮದಿಂದ. ಎಲ್ಲ ವಿಳಾಸಗಳ ಬ್ಯಾಲೆನ್ಸ್ ಕೂಡಿದರೆ ಅದು ಒಟ್ಟು ಪೂರೈಕೆಗೆ ಸಮನಾಗಿರಬೇಕು. ಕೋಡ್‌ನ ಯಾವ ಫಂಕ್ಷನ್ (ಒಂದು ಕೆಲಸ ಮಾಡುವ ಭಾಗ) ಕರೆದರೂ, ಯಾವ ಕ್ರಮದಲ್ಲಿ ಕರೆದರೂ ಅದು ತಪ್ಪಬಾರದು. ಇದನ್ನು ನಾವು ಇನ್‌ವೇರಿಯಂಟ್ ಅನ್ನುತ್ತೇವೆ. ಕೇಳಲು ತೀರಾ ಸರಳ. ಇದು ಮುರಿದಾಗ ಏನಾಗುತ್ತದೆ ಅನ್ನುವುದಕ್ಕೆ ಬ್ಯೂಟಿಚೈನ್ ಎಂಬ ಟೋಕನ್ನಿನ ಕಥೆ ಸಾಕು. ಈ ಕ್ಷೇತ್ರಕ್ಕೆ ಬರುವ ಹುಡುಗ ಹುಡುಗಿಯರಿಗೆ ನಾನು ಮೊದಲು ಓದಿಸುವುದು ಅದರ ಕೋಡನ್ನೇ.

ಬಿಇಸಿ ಎಂಬ ಸಂಕೇತದ ಆ ಟೋಕನ್ನಿನಲ್ಲಿ ಬ್ಯಾಚ್‌ಟ್ರಾನ್ಸ್‌ಫರ್ ಎಂಬ ಫಂಕ್ಷನ್ ಇತ್ತು. ಗರಿಷ್ಠ 20 ವಿಳಾಸಗಳಿಗೆ ಒಂದೇ ಸಲಕ್ಕೆ, ಪ್ರತಿಯೊಬ್ಬರಿಗೂ ಒಂದೇ ಮೊತ್ತ ಕಳಿಸುವ ಸೌಕರ್ಯ. ಎಷ್ಟು ಜನ ಇಂಟು ಎಷ್ಟು ಮೊತ್ತ ಎಂದು ಗುಣಿಸಿ, ಬಂದ ಒಟ್ಟು ಮೊತ್ತ ಕಳಿಸುವವನ ಬಳಿ ಇದೆಯಾ ಎಂದು ನೋಡಿ, ಆಮೇಲೆ ಅವನ ಬ್ಯಾಲೆನ್ಸಿನಿಂದ ಕಳೆದು ಉಳಿದವರಿಗೆ ಕೂಡುತ್ತಿತ್ತು. ತರ್ಕ ಸರಿಯಾಗಿಯೇ ಇತ್ತು. ಆದರೆ ಇಥೀರಿಯಂನಲ್ಲಿ ಸಂಖ್ಯೆಗೆ 256 ಬಿಟ್‌ಗಳ ಮಿತಿ ಇದೆ. ಹಳೆಯ ಸ್ಕೂಟರಿನ ಮೀಟರ್ 99999 ದಾಟಿದ ಮೇಲೆ 00000ಕ್ಕೆ ಬರುವ ಹಾಗೆ, ಮಿತಿ ದಾಟಿದ ಸಂಖ್ಯೆ ಮತ್ತೆ ಸೊನ್ನೆಯಿಂದ ಶುರುವಾಗುತ್ತಿತ್ತು. 2018ರ ಏಪ್ರಿಲ್ 22ರಂದು ಯಾರೋ ಎರಡು ವಿಳಾಸ ಕೊಟ್ಟು, ಮೊತ್ತದ ಜಾಗದಲ್ಲಿ 2ರ 255ನೇ ಘಾತವನ್ನು ಬರೆದರು. ಅದನ್ನು ಎರಡರಿಂದ ಗುಣಿಸಿದರೆ 2ರ 256ನೇ ಘಾತ, ಅಂದರೆ ಮಿತಿಗಿಂತ ಸರಿಯಾಗಿ ಒಂದು ಹೆಚ್ಚು. ಗುಣಲಬ್ಧ ಸೊನ್ನೆ. ‘ನಿನ್ನ ಬಳಿ ಸೊನ್ನೆ ಟೋಕನ್ ಇದೆಯಾ?’ ಎಂದು ಕೋಡ್ ಕೇಳಿತು, ಇತ್ತು. ಸೊನ್ನೆಯನ್ನು ಕಳೆಯಿತು. ಎರಡೂ ವಿಳಾಸಗಳಿಗೆ 77 ಅಂಕಿಗಳ ಆ ಸಂಖ್ಯೆಯನ್ನು ಕೂಡಿತು.

ನನ್ನನ್ನು ಇವತ್ತಿಗೂ ಕಾಡುವುದು ಇದು: ಅದೇ ಫಂಕ್ಷನ್‌ನಲ್ಲಿ ಕಳೆಯುವ ಸಾಲಿನಲ್ಲೂ ಕೂಡುವ ಸಾಲಿನಲ್ಲೂ ಮಿತಿ ದಾಟಿದರೆ ಲೆಕ್ಕವನ್ನು ತಡೆಯುವ ಸೇಫ್‌ಮ್ಯಾಥ್ ಲೈಬ್ರರಿ ಬಳಸಿದ್ದರು. ಅಪಾಯ ಅವರಿಗೆ ಗೊತ್ತಿತ್ತು. ಗುಣಿಸುವ ಒಂದು ಸಾಲಿನಲ್ಲಿ ಮಾತ್ರ ಬರೀ ಗುಣಾಕಾರ ಚಿಹ್ನೆ ಉಳಿದುಹೋಗಿತ್ತು. ಟೋಕನ್ ಬೆಲೆ ಕುಸಿಯಿತು, ಓಕೆಇಎಕ್ಸ್ ವಿನಿಮಯ ಕೇಂದ್ರ ಅದರ ವಹಿವಾಟು ನಿಲ್ಲಿಸಿತು. ಕೆಲವೇ ದಿನಗಳಲ್ಲಿ ಸ್ಮಾರ್ಟ್‌ಮೆಶ್ ಎಂಬ ಇನ್ನೊಂದು ಟೋಕನ್ನಿನಲ್ಲೂ ಇದೇ ಜಾತಿಯ ದೋಷ ಸಿಕ್ಕಿತು.

ಇಂಥ ಕೋಡ್ ಬರೆಯುವ ಭಾಷೆ ಸಾಲಿಡಿಟಿ. 2020ರ ಡಿಸೆಂಬರ್‌ನಲ್ಲಿ ಬಂದ ಅದರ 0.8.0 ಆವೃತ್ತಿಯಿಂದ ಮಿತಿ ದಾಟಿದ ಲೆಕ್ಕವನ್ನು ಭಾಷೆಯೇ ತಡೆದು ವ್ಯವಹಾರವನ್ನು ರದ್ದು ಮಾಡುತ್ತದೆ. ಹಾಗೆಂದು ನಾವು ಕಣ್ಣು ಮುಚ್ಚುವಂತಿಲ್ಲ. ಗ್ಯಾಸ್ (ವ್ಯವಹಾರದ ಶುಲ್ಕ) ಉಳಿಸಲು ‘ಅನ್‌ಚೆಕ್ಡ್’ ಎಂದು ಬರೆದು ಆ ರಕ್ಷಣೆಯನ್ನು ಬೇಕೆಂದೇ ತೆಗೆಯುವವರಿದ್ದಾರೆ. ಇಂದು ಸ್ಲಿದರ್ ಥರದ ಟೂಲ್ ಕೋಡ್ ಓದಿ ಅನುಮಾನದ ಜಾಗಗಳನ್ನು ತೋರಿಸುತ್ತದೆ. ಎಕಿಡ್ನಾ, ಫೌಂಡ್ರಿ ಥರದವು ಸಾವಿರಾರು ಅಡ್ಡಾದಿಡ್ಡಿ ಸಂಖ್ಯೆಗಳನ್ನು ಕೊಟ್ಟು ನಾವು ಬರೆದ ಇನ್‌ವೇರಿಯಂಟ್ ಮುರಿಯುತ್ತದಾ ಎಂದು ಪರೀಕ್ಷಿಸುತ್ತವೆ. ಟೂಲ್‌ಗಳು ಹಿಡಿಯುವುದು ತಪ್ಪುಗಳನ್ನು. ಮೋಸಕ್ಕಾಗಿಯೇ ಬರೆದ ಕೋಡ್‌ನಲ್ಲಿ ಅನೇಕ ಸಲ ತಪ್ಪೇ ಇರುವುದಿಲ್ಲ, ಅದು ಬರೆದವನು ಬಯಸಿದ್ದನ್ನು ಚಾಚೂ ತಪ್ಪದೆ ಮಾಡುತ್ತದೆ.

2021ರ ಅಕ್ಟೋಬರ್ ಕೊನೆಯಲ್ಲಿ ಜನಪ್ರಿಯ ಕೊರಿಯನ್ ಸರಣಿಯೊಂದರ ಹೆಸರನ್ನು ಅನುಮತಿಯಿಲ್ಲದೆ ಹೊತ್ತು ಬಂದ ಸ್ಕ್ವಿಡ್ ಟೋಕನ್ ಹಾಗಿತ್ತು. ಕೊಳ್ಳಲು ಎಲ್ಲರಿಗೂ ಆಗುತ್ತಿತ್ತು, ಮಾರಲು ಹೋದರೆ ಆಗುತ್ತಿರಲಿಲ್ಲ. ಮಾರುವವರೇ ಇಲ್ಲದ ಮೇಲೆ ಬೆಲೆ ಏರುವುದು ಬಿಟ್ಟು ಇನ್ನೇನಾಗುತ್ತದೆ? 2,800 ಡಾಲರ್ ದಾಟಿತು. ನವೆಂಬರ್ 1ರಂದು ನಿಮಿಷಗಳಲ್ಲಿ ಸೊನ್ನೆಯ ಹತ್ತಿರಕ್ಕೆ ಬಿತ್ತು, ಹಿಂದಿದ್ದವರು 30 ಲಕ್ಷ ಡಾಲರ್‌ಗೂ ಹೆಚ್ಚು ಹಣದೊಂದಿಗೆ ಮಾಯವಾದರು. ಈ ಜಾತಿಗೆ ನಮ್ಮಲ್ಲಿ ಹನಿಪಾಟ್ ಎಂಬ ಹೆಸರಿದೆ. ಕೆಲವದರಲ್ಲಿ ಮಾರುವಾಗ ಕೋಡೇ ಕಡಿದುಕೊಳ್ಳುವ ಪಾಲನ್ನು, ಅಂದರೆ ಮಾರಾಟದ ‘ತೆರಿಗೆ’ಯನ್ನು, ಓನರ್ (ಕೋಡ್‌ನಲ್ಲಿ ವಿಶೇಷ ಅಧಿಕಾರವಿರುವ ವಿಳಾಸ) ಶೇ 99ಕ್ಕೆ ಏರಿಸಬಹುದು. ಕೆಲವದರಲ್ಲಿ ಕೊಂಡವರನ್ನೆಲ್ಲ ‘ಬಾಟ್’ ಎಂದು ಕಪ್ಪುಪಟ್ಟಿಗೆ ಸೇರಿಸುವ ಫಂಕ್ಷನ್ ಇರುತ್ತದೆ. ಓನರ್‌ಶಿಪ್ ಬಿಟ್ಟುಕೊಟ್ಟಿದ್ದೇವೆ ಎಂದು ಸಾರಿ, ಬೇರೆ ಹೆಸರಿನ ಇನ್ನೊಂದು ವೇರಿಯಬಲ್‌ನಲ್ಲಿ ಅದೇ ಅಧಿಕಾರ ಇಟ್ಟುಕೊಂಡವರೂ ಇದ್ದಾರೆ. ನಮ್ಮ ದೇಶದ ಹೂಡಿಕೆದಾರನಿಗೆ ಇಲ್ಲಿ ಎರಡನೇ ಪೆಟ್ಟು ಬೀಳುತ್ತದೆ: ಕ್ರಿಪ್ಟೋ ಲಾಭಕ್ಕೆ ಶೇ 30 ತೆರಿಗೆ, ಆದರೆ ಒಂದು ಟೋಕನ್ನಿನ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯಲು ಅವಕಾಶವಿಲ್ಲ.

ಆದ್ದರಿಂದ ವರದಿಯಲ್ಲಿ ಮೊದಲು ಹುಡುಕಬೇಕಾದದ್ದು ‘ಸೆಂಟ್ರಲೈಸೇಷನ್’ ಅಥವಾ ‘ಪ್ರಿವಿಲೆಜ್ಡ್ ರೋಲ್ಸ್’ ಎಂಬ ಭಾಗ. ಹೊಸ ಟೋಕನ್ ಮಿಂಟ್ ಮಾಡುವವರು, ಅಂದರೆ ಸೃಷ್ಟಿಸುವವರು ಯಾರು, ಅದಕ್ಕೆ ಮಿತಿ ಇದೆಯಾ? ವರ್ಗಾವಣೆ ನಿಲ್ಲಿಸುವವರು ಯಾರು? ಕೋಡನ್ನೇ ಬದಲಿಸಬಹುದಾ? ಕೊನೆಯದು ಎಲ್ಲಕ್ಕಿಂತ ದೊಡ್ಡದು. ಬ್ಲಾಕ್‌ಚೈನ್ ಮೇಲೆ ಹಾಕಿದ ಕೋಡ್ ಬದಲಾಗುವುದಿಲ್ಲ ಅನ್ನುವುದು ನಿಜವಾದರೂ ಪ್ರಾಕ್ಸಿ ವಿಧಾನದಲ್ಲಿ ಬರೆದ ಟೋಕನ್ ತನ್ನ ಕೆಲಸವನ್ನು ಇನ್ನೊಂದು ವಿಳಾಸದ ಕೋಡ್‌ಗೆ ಒಪ್ಪಿಸಿರುತ್ತದೆ. ಆ ವಿಳಾಸ ಬದಲಾದರೆ ಟೋಕನ್ನಿನ ನಿಯಮವೇ ಬದಲಾಯಿತು. 2021ರ ಮಾರ್ಚ್‌ನಲ್ಲಿ ಪೇಯ್ಡ್ ನೆಟ್‌ವರ್ಕ್ ಎಂಬ ಟೋಕನ್ ಯೋಜನೆಯಲ್ಲಿ ನಡೆದದ್ದು ಇದೇ. ಕೋಡ್ ಬದಲಿಸುವ ಪ್ರೈವೇಟ್ ಕೀ (ಸಹಿ ಹಾಕುವ ಗುಪ್ತ ಕೀಲಿ) ಕೈಗೆ ಸಿಕ್ಕಿದವನು ಕಾಂಟ್ರಾಕ್ಟನ್ನು ಅಪ್‌ಗ್ರೇಡ್ ಮಾಡಿ ಸುಮಾರು 5.9 ಕೋಟಿ ಟೋಕನ್ ಮಿಂಟ್ ಮಾಡಿಕೊಂಡ. ಒಂದೇ ಪ್ರೈವೇಟ್ ಕೀ ಬದಲು ಐವರಲ್ಲಿ ಮೂವರಾದರೂ ಸಹಿ ಹಾಕಬೇಕಾದ ಮಲ್ಟಿಸಿಗ್, ಬದಲಾವಣೆ ಜಾರಿಯಾಗುವ ಮುಂಚೆ ಒಂದೆರಡು ದಿನ ಎಲ್ಲರಿಗೂ ಕಾಣುವಂತೆ ಕಾಯಿಸುವ ಟೈಮ್‌ಲಾಕ್, ಇವೆರಡೂ ಇದ್ದರೆ ಮಾತ್ರ ನನಗೆ ಸಮಾಧಾನ.

ಎರಡನೆಯದಾಗಿ ಸ್ಕೋಪ್. ಯಾವ ಫೈಲುಗಳನ್ನು, ಯಾವ ಕಮಿಟ್ ಹ್ಯಾಶ್‌ನಲ್ಲಿ (ಕೋಡ್‌ನ ನಿರ್ದಿಷ್ಟ ಆವೃತ್ತಿಯ ಗುರುತು) ನೋಡಿದ್ದಾರೆ ಎಂದು ವರದಿಯಲ್ಲಿ ಬರೆದಿರಬೇಕು. ಆಡಿಟ್ ಆದ ಕೋಡೇ ಚೈನ್ ಮೇಲೆ ಇದೆ ಎಂದು ಯಾರೂ ಖಾತ್ರಿ ಕೊಡುವುದಿಲ್ಲ. ಯೂಲರ್ ಫೈನಾನ್ಸ್ ಟೋಕನ್ ಮಾತ್ರ ಅಲ್ಲ, ಸಾಲ ಕೊಡುವ ದೊಡ್ಡ ವ್ಯವಸ್ಥೆ. ಹೆಸರುವಾಸಿ ಸಂಸ್ಥೆಗಳು ಅದನ್ನು ಹಲವು ಬಾರಿ ಆಡಿಟ್ ಮಾಡಿದ್ದವು. 2023ರ ಮಾರ್ಚ್ 13ರಂದು ಅದರಿಂದ ಸುಮಾರು 19.7 ಕೋಟಿ ಡಾಲರ್ ಹೋಯಿತು. ದೋಷವಿದ್ದದ್ದು ಮೂಲ ಕೋಡ್‌ನಲ್ಲಿ ಅಲ್ಲ, ಆಮೇಲೆ ಸೇರಿಸಿದ ಒಂದು ಸಣ್ಣ ಫಂಕ್ಷನ್‌ನಲ್ಲಿ. ಸಾಲಗಾರನ ಅಡಮಾನ ಇನ್ನೂ ಸಾಕಷ್ಟಿದೆಯಾ ಎಂಬ ಒಂದು ತಪಾಸಣೆ ಅಲ್ಲಿ ಬಿಟ್ಟುಹೋಗಿತ್ತು. ಕದ್ದವನು ಹೆಚ್ಚಿನ ಹಣವನ್ನು ಮರಳಿಸಿದ್ದು ಅಪರೂಪದ ಅದೃಷ್ಟ.

ಮೂರನೆಯದು ಪ್ರತಿ ಫೈಂಡಿಂಗ್, ಅಂದರೆ ಪತ್ತೆಯಾದ ದೋಷದ ಪಕ್ಕದ ಸ್ಥಿತಿ. ‘ಫಿಕ್ಸ್ಡ್’ ಅಂದರೆ ತಿದ್ದಿದ್ದಾರೆ. ‘ಅಕ್ನಾಲೆಜ್ಡ್’ ಅಂದರೆ ಗೊತ್ತಾಯಿತು, ಹಾಗೇ ಬಿಟ್ಟಿದ್ದೇವೆ. ತೀವ್ರ ದೋಷದ ಪಕ್ಕ ಈ ಎರಡನೇ ಮಾತು ಕಂಡರೆ ಅಲ್ಲಿಗೇ ನಿಲ್ಲಿ.

ಓನರ್‌ಗೆ ಮಿತಿಯಿಲ್ಲದ ಮಿಂಟ್ ಅಧಿಕಾರ ಇದ್ದರೆ ನಾನು ಅದನ್ನು ‘ಹೈ’ ಎಂದೇ ಬರೆಯುತ್ತೇನೆ. ಗ್ರಾಹಕರು ‘ಇನ್ಫರ್ಮೇಷನಲ್ ಎಂದು ಹಾಕಿ ಸಾರ್, ಲಾಂಚ್ ಹತ್ತಿರ ಇದೆ’ ಎನ್ನುವುದುಂಟು. ಇಳಿಸುವುದಿಲ್ಲ. ಆಡಿಟ್ ಶುಲ್ಕ ಕೊಡುವವರು ಅವರು ನಿಜ, ಆದರೆ ಆ ವರದಿ ನಂಬಿ ದುಡಿದ ದುಡ್ಡು ಹಾಕುವವರು ಬೇರೆಯವರು, ಆ ಮಾತುಕತೆಯಲ್ಲಿ ಅವರು ಇರುವುದೇ ಇಲ್ಲ. ಅವರಿಗೆ ಇಷ್ಟಾದರೂ ಹೇಳುತ್ತೇನೆ: ಕೊಳ್ಳುವ ಮುಂಚೆ ಇಥೀರಿಯಂ ವ್ಯವಹಾರಗಳನ್ನು ತೋರಿಸುವ ಈಥರ್‌ಸ್ಕ್ಯಾನ್ ಜಾಲತಾಣದಲ್ಲಿ ಟೋಕನ್ ವಿಳಾಸ ಹಾಕಿ, ‘ಕಾಂಟ್ರಾಕ್ಟ್’ ಟ್ಯಾಬ್ ತೆರೆಯಿರಿ. ಸೋರ್ಸ್ ಕೋಡ್ ವೆರಿಫೈ ಆಗಿರದಿದ್ದರೆ, ಅಂದರೆ ಚೈನ್ ಮೇಲಿನ ಕೋಡ್ ಓದುವ ರೂಪದಲ್ಲಿ ಸಿಗದಿದ್ದರೆ, ಮುಂದೆ ನೋಡುವ ಅಗತ್ಯವೇ ಇಲ್ಲ. ಆಗಿದ್ದರೆ ‘ರೀಡ್ ಕಾಂಟ್ರಾಕ್ಟ್’ನಲ್ಲಿ ‘ಓನರ್’ ಎದುರು ಯಾವ ವಿಳಾಸವಿದೆ, ಅದು ಮಲ್ಟಿಸಿಗ್ಗೋ ಒಬ್ಬನ ವಾಲೆಟ್ಟೋ ನೋಡಿ. ‘ರೀಡ್ ಆಸ್ ಪ್ರಾಕ್ಸಿ’ ಎಂಬ ಗುಂಡಿ ಕಂಡರೆ ಕೋಡ್ ಬದಲಾಗಬಹುದು ಎಂದರ್ಥ. ಆಗ ಅದನ್ನು ಬದಲಿಸುವ ಕೀಲಿ ಯಾರ ಬಳಿ ಇದೆ ಎಂದು ಟೋಕನ್ ತಂಡವನ್ನು ಎಲ್ಲರೆದುರು, ಅವರದೇ ಗುಂಪಿನಲ್ಲಿ ಕೇಳಿ.