30×40 ಸೈಟಿನ ಮನೆಗೆ ಎಷ್ಟು ಲೀಟರಿನ ಮಳೆನೀರು ಟ್ಯಾಂಕ್ ಬೇಕು?

ಪ್ರಶ್ನೆ: ಬೆಂಗಳೂರಿನಲ್ಲಿ 30×40 ಸೈಟಿನಲ್ಲಿ ಮನೆ ಕಟ್ಟಿಸುತ್ತಿದ್ದೇವೆ. ತಾರಸಿ ಸುಮಾರು 1000 ಚದರಡಿ, ಮನೆಯಲ್ಲಿ ನಾಲ್ಕು ಜನ. ಮಳೆನೀರಿಗೆ ಎಷ್ಟು ದೊಡ್ಡ ಟ್ಯಾಂಕ್ ಹಾಕಿಸಬೇಕು? ಕಾವೇರಿ ನೀರಿನ ಸಂಪಿಗೇ ಬಿಟ್ಟುಕೊಂಡರೆ ಆಗುವುದಿಲ್ಲವೇ?

ಉತ್ತರ: 4000ದಿಂದ 5000 ಲೀಟರ್ ಸಾಕು. ಸಂಪಿಗೂ ಬಿಟ್ಟುಕೊಳ್ಳಬಹುದು, ಆದರೆ ಅದರಲ್ಲಿ ಮಳೆಗೆಂದು ಜಾಗ ಉಳಿಸಬೇಕು. ಹೆಚ್ಚಿನವರು ಎಡವುವುದು ಇಲ್ಲೇ.

ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 1000 ಚದರಡಿ ಎಂದರೆ 93 ಚದರ ಮೀಟರ್. ತಾರಸಿ ಹೀರುವುದು, ಸಿಡಿಯುವುದು, ಮೊದಲ ಕೊಳೆ ನೀರೆಂದು ಹೊರಗೆ ಬಿಡುವುದು ಕಳೆದರೆ ಪ್ರತಿ ಮಿಲಿಮೀಟರಿಗೆ ಸುಮಾರು 80 ಲೀಟರ್ ಕೈಗೆ ಸಿಗುತ್ತದೆ. ಬೆಂಗಳೂರಿನ ವಾರ್ಷಿಕ ಮಳೆ ಸುಮಾರು 970 ಮಿ.ಮೀ. ಅಂದರೆ ವರ್ಷಕ್ಕೆ 75 ಸಾವಿರ ಲೀಟರಿಗೂ ಹೆಚ್ಚು. ಈ ಅಂಕಿ ನೋಡಿ 20 ಸಾವಿರ ಲೀಟರಿನ ಸಂಪು ತೋಡಿಸಲು ಹೊರಡಬೇಡಿ. ಅಷ್ಟೂ ಮಳೆ ಒಂದೇ ಸಲ ಬರುವುದಿಲ್ಲ. ಏಪ್ರಿಲ್‌ನಿಂದ ನವೆಂಬರ್‌ವರೆಗೆ ಬಿಟ್ಟು ಬಿಟ್ಟು ಸುರಿಯುತ್ತದೆ, ನಡುವೆ ನೀವು ಬಳಸುತ್ತಲೇ ಇರುತ್ತೀರಿ. ಆದ್ದರಿಂದ ಟ್ಯಾಂಕಿನ ಅಳತೆಯನ್ನು ಒಂದು ಜೋರು ಮಳೆಯಿಂದ ಲೆಕ್ಕ ಹಾಕಿ. 50 ಮಿ.ಮೀ. ಸುರಿದರೆ 4000 ಲೀಟರ್. ನಾಲ್ಕು ಜನ ದಿನಕ್ಕೆ 500 ಲೀಟರ್ ಬಳಸಿದರೆ ಎಂಟು ದಿನದಲ್ಲಿ ಅದು ಖಾಲಿ, ಮುಂದಿನ ಮಳೆಗೆ ಟ್ಯಾಂಕ್ ಸಿದ್ಧ.

ಪಾವಗಡದಂತೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇರುವ ಕಡೆ ಲೆಕ್ಕವೇ ಬೇರೆ. ಅಲ್ಲಿ ಮಳೆನೀರು ಬೇಕಿರುವುದು ಕುಡಿಯಲು, ಅಡುಗೆಗೆ, ಅದೂ ಒಣದಿನಗಳಿಗೆ. ಐದು ಜನ, ತಲೆಗೆ ದಿನಕ್ಕೆ 5 ಲೀಟರ್, ಎಂಟು ತಿಂಗಳು ಎಂದರೆ 6000 ಲೀಟರ್. ಅಲ್ಲಿ ತುಂಬಿಸಿ ಮುಚ್ಚಿಡುವ ಟ್ಯಾಂಕ್ ಬೇಕು, ತುಂಬಿ ಖಾಲಿಯಾಗುತ್ತಿರುವ ಟ್ಯಾಂಕಲ್ಲ.

ಈಗ ಸಂಪಿನ ವಿಷಯ. 6×6×6 ಅಡಿಯ ಸಂಪು 6000 ಲೀಟರ್ ಹಿಡಿಯುತ್ತದೆ, ಪ್ರತಿ ಅಡಿಗೆ ಸುಮಾರು 1000. ನೀರು ಬಂದ ದಿನ ಕಾವೇರಿಯೇ ಅದನ್ನು ಅಂಚಿನವರೆಗೆ ತುಂಬಿಸಿಬಿಟ್ಟರೆ ಸಂಜೆಯ ಮಳೆ ಪೂರ್ತಿ ಮೋರಿ ಪಾಲು. ದಿನ ಬಿಟ್ಟು ದಿನ ನೀರು ಬರುವ ಬಡಾವಣೆಯಾದರೆ ಮಳೆಗಾಲದಲ್ಲಿ ಕಾವೇರಿ ನೀರನ್ನು ಮೂರಡಿಗೇ ನಿಲ್ಲಿಸಿ. ಮೇಲಿನ ಮೂರಡಿ, ಅಂದರೆ 3000 ಲೀಟರ್, ಮಳೆಗೆ ಮೀಸಲು. ಇದಕ್ಕಾಗಿ ಕೆಲವು ಪ್ಲಂಬರ್‌ಗಳು ಒಳಬರುವ ಪೈಪನ್ನೇ ಕೆಳಗೆ ಇಳಿಸಿ ತುದಿಗೆ ನೀರು ಏರಿದಾಗ ತಾನೇ ಮುಚ್ಚಿಕೊಳ್ಳುವ, ತೇಲುವ ಚೆಂಡಿನ ಬಾಲ್ ವಾಲ್ವ್ ಕೂರಿಸುತ್ತಾರೆ. ಖಂಡಿತ ಬೇಡ. ಪೈಪಿನ ಬಾಯಿ ನೀರಿನಲ್ಲಿ ಮುಳುಗಿದ್ದಾಗ ಬೀದಿಯ ಲೈನಿನಲ್ಲಿ ಒತ್ತಡ ಕುಸಿದರೆ ನಿಮ್ಮ ಸಂಪಿನ ನೀರು ವಾಪಸ್ ಲೈನಿಗೆ ಎಳೆದುಕೊಂಡು ಅಕ್ಕಪಕ್ಕದ ಮನೆಗಳಿಗೆ ಹೋಗಬಹುದು. ಪೈಪಿನ ಬಾಯಿ ಮೇಲೇ ಇರಲಿ, ಹೊರಗೆ ಒಂದು ಗೇಟ್ ವಾಲ್ವ್ ಹಾಕಿಸಿ ಕೈಯಲ್ಲೇ ನಿಲ್ಲಿಸಿ. ಸಂಪಿನ ನೀರನ್ನೇ ಕುಡಿಯುವ ಮನೆಯಾದರೆ ಮಳೆನೀರಿಗೆ ಬೇರೆ ಟ್ಯಾಂಕ್ ಇಡುವುದೇ ಒಳ್ಳೆಯದು.

ಬೇರೆ ಟ್ಯಾಂಕ್ ಎಂದರೆ ನೆಲದ ಮೇಲಿನ ಪ್ಲಾಸ್ಟಿಕ್ ಟ್ಯಾಂಕ್ ಅಗ್ಗ, ತೊಳೆಯುವುದೂ ಸುಲಭ. 5000 ಲೀಟರ್ ತುಂಬಿದರೆ ಐದು ಟನ್ ಭಾರ. ಚೆನ್ನಾಗಿ ದಮ್ಮಸು ಮಾಡಿದ ಮಣ್ಣಿನ ಮೇಲೆ ಮಟ್ಟವಾದ ಕಾಂಕ್ರೀಟ್ ಹಾಸು ಬೇಕು, ಸಜ್ಜೆ ಅಥವಾ ಬಾಲ್ಕನಿ ಮೇಲೆ ಇಡುವಂತಿಲ್ಲ. ಬೆಳಕು ತೂರದ ಟ್ಯಾಂಕನ್ನೇ ಕೊಳ್ಳಿ, ಇಲ್ಲವಾದರೆ ಪಾಚಿ ಕಟ್ಟುತ್ತದೆ. ಜಾಗ ಸಾಲದಿದ್ದರೆ 2000 ಲೀಟರಿನ ಎರಡನ್ನು ಬುಡದಲ್ಲಿ ಪೈಪ್ ಜೋಡಿಸಿ ಇಡಬಹುದು. ನೆಲದ ಮೇಲಿಡಲೆಂದು ಮಾಡಿದ ಟ್ಯಾಂಕನ್ನು ಮಾತ್ರ ಗುಂಡಿ ತೋಡಿ ಹೂಳಬೇಡಿ. ಪಕ್ಕದ ಮಣ್ಣು ಒತ್ತಿ ಗೋಡೆ ಒಳಬಾಗುತ್ತದೆ, ನೆಲ ನೀರು ಕುಡಿದು ನೆನೆದಾಗ ಖಾಲಿ ಟ್ಯಾಂಕ್ ಮೇಲಕ್ಕೇ ಎದ್ದುಬಿಡುತ್ತದೆ.

ಫಿಲ್ಟರ್ ಕೊಳ್ಳುವಾಗ ನಿಮಿಷಕ್ಕೆ ಎಷ್ಟು ಲೀಟರ್ ಬಿಡುತ್ತದೆ ಎಂದು ಕೇಳಿ. ಗಂಟೆಗೆ 60 ಮಿ.ಮೀ. ವೇಗದ ಮಳೆಯಲ್ಲಿ ನಿಮ್ಮ ತಾರಸಿಯಿಂದ ನಿಮಿಷಕ್ಕೆ 90 ಲೀಟರಿಗಿಂತ ಹೆಚ್ಚು ಇಳಿಯುತ್ತದೆ, ಚಿಕ್ಕ ಫಿಲ್ಟರ್ ಅದನ್ನು ತಾಳಲಾರದೆ ಹೊರಚೆಲ್ಲುತ್ತದೆ. ಮೊದಲ ಮಿಲಿಮೀಟರಿನ ಕೊಳೆ ನೀರು, ಅಂದರೆ 90 ಲೀಟರ್, ಟ್ಯಾಂಕಿಗೆ ಸೇರಬಾರದು. ಅದಕ್ಕೆಂದು ಆರಡಿ ಉದ್ದದ ನಾಲ್ಕಿಂಚಿನ ಪೈಪ್ ನಿಲ್ಲಿಸುತ್ತಾರೆ. ಅದು ಹಿಡಿಯುವುದು ಬರೀ 15 ಲೀಟರ್. ಬದಲಿಗೆ ಅಡಿಯಲ್ಲಿ ಸಣ್ಣ ನಲ್ಲಿ ಇರುವ 100 ಲೀಟರಿನ ಡ್ರಮ್ ಇಡಿ, ಮಳೆ ನಿಂತ ಮೇಲೆ ಖಾಲಿ ಮಾಡಿ. ಬೇಸಿಗೆ ಮುಗಿದು ಬರುವ ಮೊದಲ ಮಳೆಯನ್ನಂತೂ ಪೂರ್ತಿ ಹೊರಗೆ ಬಿಡಿ.

ಟ್ಯಾಂಕಿನೊಳಗೆ ನೀರಿಳಿಯುವ ಪೈಪನ್ನು ತಳದ ಹತ್ತಿರದವರೆಗೆ ತಂದು, ತುದಿಗೆ ಮೇಲ್ಮುಖವಾಗಿ ಬೆಂಡ್ ಹಾಕಿ. ಆಗ ತಳದ ಹೂಳು ಕದಡುವುದಿಲ್ಲ. ಮೋಟರ್ ನೀರೆಳೆಯುವ ಪೈಪಿನ ತುದಿಯಲ್ಲಿರುವ ಫುಟ್ ವಾಲ್ವ್ ತಳದಿಂದ ಆರಿಂಚು ಮೇಲಿರಲಿ. ಹೆಚ್ಚುವರಿ ನೀರು ಹೋಗುವ ಪೈಪ್ ಒಳಬರುವ ಪೈಪಿಗಿಂತ ಚಿಕ್ಕದಾಗಬಾರದು, ಅದರ ಬಾಯಿಗೆ ಸೊಳ್ಳೆ ಜಾಲರಿ ಇರಲೇಬೇಕು. ಆ ನೀರನ್ನು ರಸ್ತೆಗೆ ಬಿಡುವ ಬದಲು ಇಂಗುಬಾವಿಗೆ ಬಿಡಿ. ಮೂರಡಿ ಅಗಲ, ಇಪ್ಪತ್ತಡಿ ಆಳದ ರಿಂಗ್ ಬಾವಿ ಒಂದು ಸಲಕ್ಕೆ 4000 ಲೀಟರ್ ಹಿಡಿಯುತ್ತದೆ. ಬೆಂಗಳೂರಿನಲ್ಲಿ ಈ ಕೆಲಸಕ್ಕೆ ಬಾವಿ ತೋಡುವ ಮಣ್ಣು ವಡ್ಡರನ್ನೇ ಕರೆಯಿರಿ, ಎಲ್ಲಿ ಮಣ್ಣು ನೀರು ಕುಡಿಯುತ್ತದೆ, ಎಲ್ಲಿ ಕುಡಿಯುವುದಿಲ್ಲ ಎಂಬುದು ಅವರಿಗೆ ಗೊತ್ತು.

1200 ಚದರಡಿ ಸೈಟಿನ ಹೊಸ ಮನೆಗೆ ಮಳೆನೀರು ಕೊಯ್ಲು ಕಡ್ಡಾಯ. ಫಿಲ್ಟರ್‌ಗಳನ್ನು ಕಣ್ಣಾರೆ ನೋಡಿ ಕೊಳ್ಳಬೇಕೆಂದರೆ ಜಯನಗರದಲ್ಲಿ ಜಲಮಂಡಳಿಯ ಸರ್ ಎಂ. ವಿಶ್ವೇಶ್ವರಯ್ಯ ಮಳೆನೀರು ಕೊಯ್ಲು ಥೀಮ್ ಪಾರ್ಕ್ ಇದೆ. ಮೇಸ್ತ್ರಿಯನ್ನೂ ಜೊತೆಗೆ ಕರೆದುಕೊಂಡು ಹೋಗಿ.