ಮಾರ್ಕ್ ಮೇಲೆ ನಿಲ್ಲದ ಕಾರು

ಮೇಲುಕೋಟೆ ಏರಿನಲ್ಲಿ ಸಿನಿಮಾ ಶೂಟಿಂಗಿಗೆ ನಿಂತ ಒಂದು ಹಳೆಯ ಅಂಬಾಸಿಡರ್. ಬಾನೆಟ್ ಮೇಲೆ ಕ್ಯಾಮೆರಾ, ಡ್ಯಾಶ್‌ಬೋರ್ಡ್ ಮೇಲೆ ಪುಟ್ಟ ಲೈಟು, ಅರವತ್ತು ಅಡಿ ಮುಂದೆ ರಸ್ತೆಗೆ ಅಂಟಿಸಿದ ಬಿಳಿ ಟೇಪು, ಅದೇ ಗಾಡಿ ನಿಲ್ಲಬೇಕಾದ ‘ಮಾರ್ಕ್’. ಮೊದಲ ಟೇಕಿನಲ್ಲಿ ಗಾಡಿ ಎರಡಡಿ ಮುಂದೆ ಹೋಯಿತು. ಎರಡನೆಯದರಲ್ಲಿ ಹಿಂದೆಯೇ ನಿಂತಿತು. ಮೂರನೆಯದರಲ್ಲಿ ಕ್ಲಚ್ ಬಿಡುತ್ತಿದ್ದಂತೆ ಆಫ್ ಆಯಿತು. ‘ಒಸಿ ಮುಂದಕ್ಕೆ ಬರ್ಬೇಕು ಕಣಣ್ಣ’ ಎಂದು ಅಸಿಸ್ಟೆಂಟ್ ಕೂಗುತ್ತಾನೆ. ಒಳಗೆ ಕೂತವರು ಮಂಡ್ಯ, ಮೈಸೂರಿನ ಸಂತೆ ಜಾತ್ರೆಗಳ ನಡುವೆಯೇ ಹತ್ತು ವರ್ಷ ಗಾಡಿ ಓಡಿಸಿದವರು. ನಾಲ್ಕನೇ ಟೇಕಿಗೆ ಎಡಗಾಲು ನಡುಗತೊಡಗುತ್ತದೆ.

ಇಂಥ ಹೊತ್ತಿಗೆ ಯೂನಿಟ್ಟಿನಲ್ಲಿ ಸಿಗುವ ಸಲಹೆ ಒಂದೇ: ‘ಧೈರ್ಯವಾಗಿ ಓಡ್ಸಿ ಸಾರ್.’ ಧೈರ್ಯದ ಮಾತು ಆಮೇಲೆ. ಸೀಟು ಎಲ್ಲಿದೆ, ಕನ್ನಡಿ ಇದೆಯೋ ಇಲ್ಲವೋ, ಓಡಿಸುವವರು ಎಷ್ಟು ಹೊತ್ತಿನಿಂದ ಎಚ್ಚರವಾಗಿದ್ದಾರೆ, ಇವನ್ನು ಮೊದಲು ನೋಡಬೇಕು.

ಕೈ ಪಳಗಿದ ಕೆಲಸವನ್ನು ಮಿದುಳು ಬೇರೆಯೇ ಜಾಗಕ್ಕೆ ಒಪ್ಪಿಸಿರುತ್ತದೆ. ಕಲಿಯುವಾಗ ‘ಕ್ಲಚ್ ಒತ್ತು, ಗೇರ್ ಹಾಕು, ನಿಧಾನಕ್ಕೆ ಬಿಡು’ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತೇವೆ. ಕೆಲವು ತಿಂಗಳಲ್ಲಿ ಆ ಹೇಳಿಕೆ ಉದುರಿಹೋಗಿ ಕೆಲಸವೆಲ್ಲ ಚಲನೆಯನ್ನು ನೋಡಿಕೊಳ್ಳುವ ಮಿದುಳಿನ ಭಾಗಗಳಾದ ಬೇಸಲ್ ಗ್ಯಾಂಗ್ಲಿಯಾ ಮತ್ತು ಸೆರೆಬೆಲಮ್‌ಗಳ ಪಾಲಾಗುತ್ತದೆ. ನಲವತ್ತು ಜನ ಕಣ್ಣಿಟ್ಟು ನಿಂತಾಗ, ಎರಡು ಟೇಕ್ ಕೆಟ್ಟಾಗ, ಗಮನ ಮತ್ತೆ ಕಾಲಿನತ್ತ ಓಡುತ್ತದೆ. ಒಂದೇ ಹರಿವಿನಲ್ಲಿ ಆಗುತ್ತಿದ್ದ ಚಲನೆಯನ್ನು ಬಿಡಿಬಿಡಿಯಾಗಿ ನಡೆಸಲು ಹೋಗಿ ಎಡವುತ್ತೇವೆ. ಮೆಟ್ಟಿಲಿಳಿಯುವಾಗ ಹೆಜ್ಜೆ ಎಣಿಸಹೋದವರಿಗೆ ಆಗುವುದೂ ಇದೇ. 1992ರಲ್ಲಿ ರಿಚರ್ಡ್ ಮಾಸ್ಟರ್ಸ್ ಗಾಲ್ಫ್ ಹೊಡೆತದ ಪ್ರಯೋಗದಲ್ಲಿ ಇದನ್ನು ಪರೀಕ್ಷಿಸಿದ್ದರು. ಸೂಚನೆಗಳನ್ನು ಪಾಠ ಮಾಡಿಕೊಂಡು ಕಲಿತವರು ಒತ್ತಡದಲ್ಲಿ ಕೆಟ್ಟರು, ಸೂಚನೆಯಿಲ್ಲದೆ ಕೈಯಿಂದಲೇ ಕಲಿತವರಿಗೆ ಅಷ್ಟು ಪೆಟ್ಟು ಬೀಳಲಿಲ್ಲ. ಹೀಗಾಗಿ ಕಾರಿನ ಸುತ್ತ ನಿಂತು ‘ಕ್ಲಚ್ ನಿಧಾನ, ನಿಧಾನ’ ಎನ್ನುವವರು ಸಹಾಯ ಮಾಡುತ್ತಿಲ್ಲ, ಗಾಯಕ್ಕೆ ಉಪ್ಪು ಸವರುತ್ತಿದ್ದಾರೆ.

ಇನ್ನು ಗಾಡಿಯ ಸಂಗತಿ. ಚಿತ್ರೀಕರಣದ ಕಾರು ಓಡಿಸುವವರ ಅನುಕೂಲಕ್ಕೆ ಸಿದ್ಧವಾಗುವುದಿಲ್ಲ, ಫ್ರೇಮಿಗಾಗಿ ಸಿದ್ಧವಾಗುತ್ತದೆ. ಮುಖ ಚೆನ್ನಾಗಿ ಕಾಣಲೆಂದು ಸೀಟನ್ನು ಎರಡು ಇಂಚು ಹಿಂದಕ್ಕೆ ತಳ್ಳಿರುತ್ತಾರೆ. ಅಷ್ಟಕ್ಕೇ ಕ್ಲಚ್ ಪೂರ್ತಿ ಒತ್ತಲು ಕಾಲು ಸಾಲದು, ಗೇರು ಕರಕರ ಎನ್ನುತ್ತದೆ. ಎದುರಿನಿಂದ ತೆಗೆಯುವ ಶಾಟಿಗೆ ಒಳಗಿನ ಕನ್ನಡಿ ಅಡ್ಡವೆಂದು ಕಳಚಿಟ್ಟಿರುತ್ತಾರೆ. ರಾತ್ರಿ ಡ್ಯಾಶ್‌ಬೋರ್ಡಿನ ಲೈಟು ಹೊತ್ತಿದರೆ ಮುಂದಿನ ಗಾಜೇ ಕನ್ನಡಿಯಾಗಿ, ರಸ್ತೆಯ ಬದಲು ನಮ್ಮದೇ ಮುಖ ಕಾಣುತ್ತದೆ. ಇದರ ಮೇಲೆ ಹಳೆಯ ಅಂಬಾಸಿಡರ್ ಬೇರೆ: ಸ್ಟೀರಿಂಗ್ ಪಕ್ಕದಲ್ಲೇ ಗೇರು, ಪವರ್ ಸ್ಟೀರಿಂಗ್ ಇಲ್ಲ, ಡ್ರಮ್ ಬ್ರೇಕು. ಈಗಿನ ಚಿಕ್ಕ ಕಾರಿಗೆ ಒಗ್ಗಿದ ಕಾಲು ಇಲ್ಲಿ ಬ್ರೇಕನ್ನು ಹಗುರವಾಗಿಯೇ ಒತ್ತುತ್ತದೆ, ಗಾಡಿ ಜಾರಿ ಮುಂದೆ ಹೋಗುತ್ತದೆ. ಎರಡಡಿ ತಪ್ಪಿದ್ದು ಮನಸ್ಸಿನ ದೌರ್ಬಲ್ಯದಿಂದಲ್ಲ. ಗಂಟೆಗೆ 15 ಕಿಲೋಮೀಟರಿನಲ್ಲಿ ಗಾಡಿ ಸೆಕೆಂಡಿಗೆ ನಾಲ್ಕು ಮೀಟರ್ ಚಿಲ್ಲರೆ ಹೋಗುತ್ತದೆ, ಎರಡಡಿ ಎಂದರೆ ಸೆಕೆಂಡಿನ ಏಳನೇ ಒಂದು ಪಾಲು. ಕಣ್ಣು ಮಿಟುಕಿಸುವಷ್ಟು ಹೊತ್ತೂ ಇಲ್ಲ.

ಅದೂ ಅಲ್ಲದೆ, ರಸ್ತೆಯ ಮೇಲಿನ ಟೇಪು ಹತ್ತಿರ ಬಂದಾಗ ಬಾನೆಟ್ ಅಡಿ ಮರೆಯಾಗುತ್ತದೆ. ಬೇಕಾದ ಹೊತ್ತಿಗೇ ಗುರುತು ಮಾಯ! ಇದಕ್ಕೆ ಸುಲಭದ ಉಪಾಯವಿದೆ. ಗಾಡಿಯನ್ನು ಸರಿಯಾದ ಜಾಗದಲ್ಲಿ ನಿಲ್ಲಿಸಿ, ಓಡಿಸುವವರ ಬಲ ಭುಜದ ನೇರಕ್ಕೆ, ಫ್ರೇಮಿನ ಹೊರಗೆ ಒಂದು ಕೋಲು ನೆಡಬೇಕು. ಕೋಲು ಭುಜಕ್ಕೆ ಬಂದಾಗ ಗಾಡಿ ಮಾರ್ಕ್ ಮೇಲಿರುತ್ತದೆ. ಇನ್ನೂ ಖಚಿತ ಬೇಕೆಂದರೆ ಮುಂದಿನ ಚಕ್ರಕ್ಕೆ ತಾಗುವಂತೆ ಮರಳಿನ ಚೀಲ ಇಡಬಹುದು. ಆದರೆ ನಡೆಯುವ ವೇಗಕ್ಕಿಂತ ಜೋರಾಗಿ ಬಂದರೆ ಚಕ್ರ ಅದನ್ನು ಹತ್ತಿಬಿಡುತ್ತದೆ. ಕ್ಯಾಮೆರಾ ಹಿಂದೆ ನಿಂತವರು ಆ ಚೀಲವನ್ನು ನಂಬಬಾರದು, ಪಕ್ಕಕ್ಕೆ ಸರಿಯಲು ಜಾಗ ಇಟ್ಟುಕೊಂಡಿರಬೇಕು.

ಕೈ ಕಣ್ಣನ್ನು ಹಿಂಬಾಲಿಸುತ್ತದೆ. ಮೈಕೆಲ್ ಲ್ಯಾಂಡ್ ಮತ್ತು ಡೇವಿಡ್ ಲೀ 1994ರಲ್ಲಿ ಚಾಲಕರ ನೋಟವನ್ನು ಅಳೆದಾಗ, ತಿರುವಿಗೆ ಒಂದೆರಡು ಸೆಕೆಂಡ್ ಮೊದಲೇ ಕಣ್ಣು ತಿರುವಿನ ಒಳಅಂಚಿಗೆ ಹೋಗಿರುತ್ತದೆ, ಸ್ಟೀರಿಂಗ್ ಅದರ ಹಿಂದೆ ಬರುತ್ತದೆ ಎಂದು ಕಂಡಿತು. ಹೆದರಿದಾಗ ನೋಟ ಬಾನೆಟ್ಟಿನ ತುದಿಗೆ ಇಳಿಯುತ್ತದೆ, ಸ್ಟೀರಿಂಗ್ ಸಣ್ಣಸಣ್ಣದಾಗಿ ಅತ್ತಿತ್ತ ಅಲ್ಲಾಡುತ್ತದೆ. ವಿಶ್ವೇಶ್ವರಯ್ಯ ನಾಲೆಯ ಏರಿ ರಸ್ತೆಯಲ್ಲಿ ಶಾಟ್ ಇದ್ದರಂತೂ ಕಣ್ಣು ನೀರಿನತ್ತಲೇ ಜಗ್ಗುತ್ತದೆ. ‘ನಾಲೆ ನೋಡಬೇಡಿ’ ಎನ್ನುವ ಬದಲು ‘ಆ ಹುಣಸೆಮರ ನೋಡಿ ಬನ್ನಿ’ ಎಂದು ದೂರದ ಗುರುತು ಕೊಡುವುದು ಒಳ್ಳೆಯದು.

ನಡುಗುವ ಕಾಲಿಗೆ ಬರೋಣ. ಅಡ್ರಿನಲಿನ್ ಏರಿದಾಗ ಎಲ್ಲರ ಸ್ನಾಯುಗಳಲ್ಲೂ ಇರುವ ಸೂಕ್ಷ್ಮ ನಡುಕ ಕಣ್ಣಿಗೆ ಕಾಣುವಷ್ಟಾಗುತ್ತದೆ. ಇಡೀ ಕಾಲು ಗಾಳಿಯಲ್ಲಿದ್ದರೆ ಆ ನಡುಕ ನೇರ ಕ್ಲಚ್‌ಗೆ ಹೋಗುತ್ತದೆ. ಹಿಮ್ಮಡಿಯನ್ನು ನೆಲಕ್ಕೆ ಊರಿ ಪಾದವನ್ನಷ್ಟೇ ಎತ್ತಿದರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ. ಉಸಿರನ್ನು ನಾಲ್ಕು ಎಣಿಸಿ ಒಳಗೆಳೆದು ಆರು ಎಣಿಸಿ ಬಿಡುವುದೂ ಕೆಲಸ ಮಾಡುತ್ತದೆ, ಉಸಿರು ಬಿಡುವಾಗ ಮಿದುಳಿನಿಂದ ಹೃದಯಕ್ಕೆ ಹೋಗುವ ವೇಗಸ್ ನರದಿಂದಾಗಿ ಎದೆಬಡಿತ ನಿಧಾನವಾಗುತ್ತದೆ.

ಒಂದು ಸಲ ಕೆಟ್ಟ ಮೇಲೆ ಖಾಲಿ ಮೈದಾನದಲ್ಲಿ ಓಡಿಸಿ ‘ಸರಿಹೋಯ್ತು’ ಎನ್ನುವವರು ಸೆಟ್ಟಿಗೆ ಬಂದೊಡನೆ ಮತ್ತೆ ಮುಗ್ಗರಿಸುವುದಿದೆ. ಹೆದರಿಕೆ ಅಳಿಸಿಹೋಗಿರುವುದಿಲ್ಲ, ಅದರ ಮೇಲೆ ಹೊಸ ಕಲಿಕೆಯ ಪದರವಷ್ಟೇ ಕೂತಿರುತ್ತದೆ, ಆ ಪದರ ಕಲಿತ ಜಾಗಕ್ಕೇ ಅಂಟಿಕೊಂಡಿರುತ್ತದೆ. ಹಾಗಾಗಿ ಅಭ್ಯಾಸ ಆ ಕಾರಿನಲ್ಲಿ, ಆ ರಸ್ತೆಯಲ್ಲೇ ಆಗಬೇಕು. ಮೊದಲು ಸೀಟನ್ನು ತನಗೆ ಬೇಕಾದಂತೆ ಸರಿಮಾಡಿಕೊಂಡು, ಸಮತಟ್ಟು ಜಾಗದಲ್ಲಿ ಕ್ಲಚ್ ಹಿಡಿಯುವ ಬಿಂದುವನ್ನು ಇಪ್ಪತ್ತು ಸಲ ಹುಡುಕುವುದು. ಆಮೇಲೆ ಭುಜದ ಕೋಲಿಗೆ ಹತ್ತು ಸಲ ನಿಲ್ಲಿಸುವುದು. ನಂತರ ಕ್ಯಾಮೆರಾ ಕಟ್ಟಿ, ಆದರೆ ಆನ್ ಮಾಡದೆ. ಜನ ಕೊನೆಗೆ, ಸಂಭಾಷಣೆ ಎಲ್ಲಕ್ಕಿಂತ ಕೊನೆಗೆ. ಮಾತು ಉದ್ದವಿದ್ದರೆ ಕಾರನ್ನು ತಗ್ಗು ಟ್ರೇಲರ್ ಮೇಲೇರಿಸಿ ಎಳೆಸುವುದೇ ಸರಿ, ನಟರ ಕೈಯಲ್ಲಿ ಸ್ಟೀರಿಂಗ್ ಇದ್ದಂತೆ ಕಂಡರೆ ಸಾಕು.

ಅಂಜಿಕೆಗೆ ನಿಜವಾದ ಕಾರಣ ಇರುವ ಸಂದರ್ಭವೂ ಉಂಟು. ಸೌಂಡ್ ರೆಕಾರ್ಡಿಂಗಿಗೆ ಎಂಜಿನ್ ಆಫ್ ಮಾಡಿ ಇಳಿಜಾರಿನಲ್ಲಿ ಗಾಡಿ ಉರುಳಿಸಿ ಎಂದರೆ ಒಪ್ಪಬಾರದು. ಈಗಿನ ಹೆಚ್ಚಿನ ಕಾರುಗಳಲ್ಲಿ ಬ್ರೇಕ್ ಪೆಡಲನ್ನು ಹಗುರ ಮಾಡುವ ಬೂಸ್ಟರ್ ಎಂಜಿನ್ ಕೊಡುವ ನಿರ್ವಾತದಿಂದ ನಡೆಯುತ್ತದೆ. ಎಂಜಿನ್ ನಿಂತ ಮೇಲೆ ಎರಡು ಮೂರು ಸಲ ಒತ್ತಿದರೆ ಅದು ತೀರಿ ಪೆಡಲ್ ಕಲ್ಲಾಗುತ್ತದೆ. ಕೀ ತೆಗೆದರೆ ಸ್ಟೀರಿಂಗ್ ಲಾಕ್ ಆಗಲೂಬಹುದು.

ಕೊನೆಗೆ ನಿದ್ದೆ. 1997ರಲ್ಲಿ ಸಂಶೋಧಕರಾದ ಡಾಸನ್ ಮತ್ತು ರೀಡ್ ತೋರಿಸಿದಂತೆ, 17 ಗಂಟೆ ಎಚ್ಚರವಿದ್ದವರ ಕೈಕಣ್ಣಿನ ಹೊಂದಾಣಿಕೆ ರಕ್ತದಲ್ಲಿ ಶೇ. 0.05 ಮದ್ಯ ಇದ್ದವರಷ್ಟಕ್ಕೆ ಇಳಿಯುತ್ತದೆ. ನಮ್ಮ ಕಾನೂನಿನ ಮಿತಿ ಶೇ. 0.03. ಬೆಳಿಗ್ಗೆ ಐದಕ್ಕೆ ಎದ್ದವರಿಗೆ ಆ 17 ಗಂಟೆ ರಾತ್ರಿ ಹತ್ತಕ್ಕೇ ತುಂಬುತ್ತದೆ, ನೈಟ್ ಶೂಟ್ ಆಗಿನ್ನೂ ಕಾವೇರುತ್ತಿರುತ್ತದೆ. ರಾತ್ರಿ ಎರಡು ಗಂಟೆಗೆ ತಪ್ಪಿದ ಮಾರ್ಕನ್ನು ಮರುದಿನ ‘ನನ್ನ ಕೈ ಹೋಯ್ತು’ ಎಂದು ನೆನೆದು ಕೊರಗುತ್ತಾರೆ. ಪ್ಯಾಕಪ್ ಆದ ಮೇಲೆ ದೊಡ್ಡ ಲೈಟುಗಳಿಂದ ಕತ್ತಲಿಗೆ ಬಂದ ಕಣ್ಣು ಪೂರ್ತಿ ಹೊಂದಿಕೊಳ್ಳಲು ಅರ್ಧ ಗಂಟೆ ಬೇಕು. ಆ ಅರ್ಧ ಗಂಟೆಯಲ್ಲಿ ಒಂದು ಕಾಫಿ ಕುಡಿದು, ಕೂಡಲೇ ಹಿಂದಿನ ಸೀಟಿನಲ್ಲಿ 20 ನಿಮಿಷ ಮಲಗಬಹುದು. ಕಾಫಿ ತಲೆಗೇರುವ ಹೊತ್ತಿಗೆ ಎಚ್ಚರವಾಗುತ್ತದೆ. ಎದ್ದ ಮೇಲೂ ಹತ್ತು ನಿಮಿಷ ಕೀ ಬೇರೆಯವರ ಜೇಬಿನಲ್ಲೇ ಇರಲಿ.