ಬ್ಲಿಂಕ್-182ರ ಸದ್ದು ಬದಲಿಸಿದ್ದು ಯಾರು?

ಓದುಗರ ಪ್ರಶ್ನೆ: 2003ರ ಆಲ್ಬಮ್‌ನಲ್ಲಿ ಅಮೆರಿಕದ ರಾಕ್ ಬ್ಯಾಂಡ್ ಬ್ಲಿಂಕ್-182 ತನ್ನ ಹಳೇ ಸದ್ದನ್ನು ಯಾಕೆ ಬಿಟ್ಟಿತು? ಹೊಸ ರೆಕಾರ್ಡ್ ಕಂಪನಿ ಬಂತು, ಹೊಸ ಪ್ರೊಡ್ಯೂಸರ್ ಬಂದ, ದುಡ್ಡಿಗಾಗಿ ಅವರನ್ನು ಮೆತ್ತಗೆ ಮಾಡಿದರು ಅನ್ನುತ್ತಾರಲ್ಲ, ನಿಜವೇ?

ಉತ್ತರ: ನಿಜವಲ್ಲ. ಇದೇ ಪ್ರಶ್ನೆ ವರ್ಷವರ್ಷವೂ ಬರುತ್ತದೆ, ಉತ್ತರವೂ ಪ್ರತಿಸಲ ಅದೇ. ಆದರೂ ಒಂದು ತಿಂಗಳು ಕಳೆಯುವಷ್ಟರಲ್ಲಿ ‘ಪ್ರೊಡ್ಯೂಸರ್ ಬದಲಾದದ್ದೇ ಕಾರಣ’ ಎಂಬ ಮಾತು ಮತ್ತೆ ತಲೆಯೆತ್ತುತ್ತದೆ. ಹಾಗಾಗಿ ಈ ಸಲ ಚುಟುಕಾಗಿ ಹೇಳಿ ಬಿಡುವುದಿಲ್ಲ, ಬುಡದಿಂದಲೇ ಬಿಡಿಸಿ ಹೇಳುತ್ತೇನೆ.

ಮೊದಲು ಪ್ರೊಡ್ಯೂಸರ್, ಅಂದರೆ ರೆಕಾರ್ಡಿಂಗ್ ನಡೆಸಿ ಹಾಡಿನ ಸದ್ದಿಗೆ ರೂಪ ಕೊಡುವವರ ವಿಷಯ. 1999ರ ‘ಎನಿಮಾ ಆಫ್ ದಿ ಸ್ಟೇಟ್’ ಪ್ರೊಡ್ಯೂಸ್ ಮಾಡಿದ್ದು ಜೆರ್ರಿ ಫಿನ್. 2001ರ ‘ಟೇಕ್ ಆಫ್ ಯುವರ್ ಪ್ಯಾಂಟ್ಸ್ ಅಂಡ್ ಜಾಕೆಟ್’ ಜೆರ್ರಿ ಫಿನ್. 2003ರ ನವೆಂಬರ್ 18ಕ್ಕೆ ಬಂದ, ಈಗ ನಾವು ಮಾತಾಡುತ್ತಿರುವ ಆಲ್ಬಮ್ ಕೂಡ ಅದೇ ಜೆರ್ರಿ ಫಿನ್. ಮೂರೂ ಒಬ್ಬನದೇ ಕೆಲಸ. ಕೀಬೋರ್ಡ್ ನುಡಿಸಲು ಹೊರಗಿನಿಂದ ಬರುತ್ತಿದ್ದ ರೋಜರ್ ಮ್ಯಾನಿಂಗ್ ಕೂಡ 1999ರಿಂದಲೇ ಇವರ ಜೊತೆ ಇದ್ದವರು. ಹಾಗಿದ್ದ ಮೇಲೆ ‘ಹೊಸ ಪ್ರೊಡ್ಯೂಸರ್’ ಎಲ್ಲಿಂದ ಬಂದ?

ಪ್ರೊಡ್ಯೂಸರ್ ನಿಜವಾಗಿ ಬದಲಾದದ್ದು ಅದಕ್ಕೂ ಮೊದಲು. 1997ರ ‘ಡ್ಯೂಡ್ ರ‍್ಯಾಂಚ್’ ಮಾಡಿದ್ದು ಮಾರ್ಕ್ ಟ್ರೊಂಬಿನೊ. ಆಗ ಡ್ರಮ್ಸ್ ಮುಂದೆ ಕೂತಿದ್ದದ್ದು ಸ್ಕಾಟ್ ರೇನರ್. 1998ರಲ್ಲಿ ರೇನರ್ ಜಾಗಕ್ಕೆ ಟ್ರಾವಿಸ್ ಬಾರ್ಕರ್ ಬಂದರು, ಮರುವರ್ಷದ ಆಲ್ಬಮ್‌ಗೆ ಫಿನ್ ಬಂದರು. ಅಂದರೆ ‘ಆಳು ಬದಲಾದರು, ಸದ್ದು ಬದಲಾಯಿತು’ ಎಂಬ ಲೆಕ್ಕ ಸರಿಹೊಂದುವುದು 1999ಕ್ಕೆ. ಗಟ್ಟಿ ಗಿಟಾರ್, ಹೊಳಪು ಕೊಟ್ಟ ದನಿ, ಚಾಕುವಿನಷ್ಟು ಚೂಪಾದ ಸ್ನೇರ್ ಡ್ರಮ್ಮಿನ ಸದ್ದು, ಇವೆಲ್ಲ ಆಗ ಬಂದವು. ತಮಾಷೆ ನೋಡಿ, ಇವತ್ತು ‘ಹಳೇ ಬ್ಲಿಂಕ್ ಬೇಕು’ ಎನ್ನುವ ಬಹುಪಾಲು ಜನ ಕೇಳುತ್ತಿರುವುದು ಈ 1999ರ ಸದ್ದನ್ನೇ. ಕ್ಯಾಸೆಟ್ ಕಾಲದಿಂದ ಹಿಂಬಾಲಿಸಿದ್ದವರಿಗೆ ಅದೇ ಆಲ್ಬಮ್ ‘ಮಾರಿಕೊಂಡರು’ ಅನ್ನಿಸಿತ್ತು. ಒಬ್ಬರ ‘ಹೊಸದು’ ಇನ್ನೊಬ್ಬರಿಗೆ ‘ಹಳೇದು’ ಆಗುವುದು ಹೀಗೆ.

ಇನ್ನು ಕಂಪನಿ. ಗೊಂದಲ ಹುಟ್ಟಿದ್ದೇ ಇಲ್ಲಿ, ಮತ್ತು ಇದರಲ್ಲಿ ಓದುಗರ ತಪ್ಪು ಕಡಿಮೆ. ಹಿಂದಿನ ಸಿ.ಡಿ.ಗಳ ಬೆನ್ನಿಗೆ ಎಂಸಿಎ ಎಂದಿದೆ, 2003ರದಕ್ಕೆ ಗೆಫೆನ್ ಎಂದಿದೆ. ನೋಡಿದವರು ಬ್ಯಾಂಡ್ ಕಂಪನಿ ಬಿಟ್ಟು ಕಂಪನಿ ಸೇರಿತು ಅಂದುಕೊಳ್ಳುತ್ತಾರೆ. ಆದದ್ದು ಬೇರೆ: ಎಂಸಿಎ, ಗೆಫೆನ್ ಎರಡೂ ಯೂನಿವರ್ಸಲ್ ಮ್ಯೂಸಿಕ್ ಒಡೆತನದವು. 2003ರಲ್ಲಿ ಯೂನಿವರ್ಸಲ್ ಎಂಸಿಎಯನ್ನು ಗೆಫೆನ್ ಒಳಗೆ ಸೇರಿಸಿಬಿಟ್ಟಿತು, ಎಂಸಿಎ ಕಲಾವಿದರೆಲ್ಲ ಇದ್ದಲ್ಲೇ ಗೆಫೆನ್ ಕಲಾವಿದರಾದರು. ಇವರು ರೆಕಾರ್ಡಿಂಗ್ ಶುರು ಮಾಡಿದ್ದು ಆ ವರ್ಷದ ಜನವರಿಯಲ್ಲಿ, ಎಂಸಿಎ ಬ್ಯಾಂಡ್ ಆಗಿದ್ದಾಗಲೇ. ಹಾಡಿನ ದಿಕ್ಕು ಹಿಡಿದಾದ ಮೇಲೆ ಬೋರ್ಡಿನ ಮೇಲಿನ ಹೆಸರು ಬದಲಾಯಿತು, ಅಷ್ಟೇ.

ದುಡ್ಡಿನ ಮಾತು ಮೂರನೆಯದು. ದುಡ್ಡೇ ಗುರಿಯಾಗಿದ್ದರೆ ಮಾಡಬೇಕಾದ್ದು ಏನೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. 2001ರ ಆಲ್ಬಮ್ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಗೆ ನೇರ ಮೊದಲ ಸ್ಥಾನಕ್ಕೇ ಇಳಿದಿತ್ತು, ಮೊದಲ ವಾರದಲ್ಲೇ 3.5 ಲಕ್ಷ ಪ್ರತಿ ಹೋಗಿದ್ದವು. ಗೆದ್ದ ಸೂತ್ರ ಕೈಯಲ್ಲೇ ಇತ್ತು. ಅದನ್ನು ಪಕ್ಕಕ್ಕಿಟ್ಟು ಸುಮಾರು ಹತ್ತು ತಿಂಗಳು ಹೊಸದೊಂದರ ಮೇಲೆ ಕೂತರು. ಆ ಹೊಸ ಆಲ್ಬಮ್ ಇಳಿದದ್ದು ಮೂರನೇ ಸ್ಥಾನಕ್ಕೆ, ಮೊದಲ ವಾರ ಸುಮಾರು 3.13 ಲಕ್ಷ ಪ್ರತಿ. ಸೋಲೇನಲ್ಲ, ಆದರೆ ಲಾಭಕ್ಕಾಗಿಯೇ ಬದಲಾದವರ ಲೆಕ್ಕ ಹೀಗಿರುವುದಿಲ್ಲ.

ಫಿನ್ ಮೇಲಿನ ಇನ್ನೊಂದು ಆರೋಪಕ್ಕೂ ಇಲ್ಲೇ ಉತ್ತರ ಕೊಟ್ಟುಬಿಡುತ್ತೇನೆ. ಅವರಿಗೆ ಪಾಪ್-ಪಂಕ್ (ವೇಗದ ಪಂಕ್ ರಾಕ್‌ಗೆ ಸುಲಭ ರಾಗ ಬೆರೆಸಿದ ಸಂಗೀತ) ಒಂದೇ ಗೊತ್ತಿತ್ತು, 2003ರ ಕೆಲಸ ಅವರ ಕೈಮೀರಿತ್ತು ಅನ್ನುವವರೂ ಇದ್ದಾರೆ. 1994ರಲ್ಲಿ ಪಂಕ್ ಬ್ಯಾಂಡ್ ಗ್ರೀನ್ ಡೇಯ ‘ಡೂಕಿ’ ಮಿಕ್ಸಿಂಗ್‌ನಲ್ಲಿ ಕೈಯಾಡಿಸಿದ್ದವರೂ, 2004ರಲ್ಲಿ ಬ್ರಿಟಿಷ್ ಗಾಯಕ ಮಾರಿಸ್ಸಿಯ ‘ಯು ಆರ್ ದಿ ಕ್ವಾರಿ’ ಪ್ರೊಡ್ಯೂಸ್ ಮಾಡಿದವರೂ ಇದೇ ಫಿನ್. ಒಂದು ಕಿವಿ ವೇಗಕ್ಕೆ, ಇನ್ನೊಂದು ಕಿವಿ ಮೌನಕ್ಕೆ ಇದ್ದ ಮನುಷ್ಯ. 2008ರಲ್ಲಿ ತೀರಿಕೊಂಡರು. ಫಿನ್ ಇಲ್ಲದ ಬ್ಲಿಂಕ್ ಹೇಗಿರುತ್ತದೆಂದು ತಿಳಿಯಬೇಕಿದ್ದರೆ ಕೇಳಬೇಕಾದದ್ದು 2011ರ ‘ನೇಬರ್‌ಹುಡ್ಸ್’. ಅದನ್ನು ಬ್ಯಾಂಡ್ ತಾನೇ ಪ್ರೊಡ್ಯೂಸ್ ಮಾಡಿಕೊಂಡಿತು.

ಹಾಗಾದರೆ ಬದಲಾವಣೆ ಬಂದದ್ದೆಲ್ಲಿಂದ? ಬ್ಯಾಂಡಿನ ಒಳಗಿಂದ, ಅದೂ ನಿಧಾನಕ್ಕೆ. 1999ರಲ್ಲೇ ‘ಆ್ಯಡಮ್ಸ್ ಸಾಂಗ್’ ಇದೆ: ಬದುಕು ಬೇಡವೆನಿಸಿದ ಒಬ್ಬನ ದನಿ, ನಡುವೆ ಪಿಯಾನೋ. 2001ರಲ್ಲಿ ‘ಸ್ಟೇ ಟುಗೆದರ್ ಫಾರ್ ದಿ ಕಿಡ್ಸ್’ ಇದೆ: ಬೇರೆಯಾಗುತ್ತಿರುವ ಅಪ್ಪ-ಅಮ್ಮನ ಮಧ್ಯೆ ಸಿಕ್ಕಿದ ಮಗುವಿನ ಮಾತು. ಬೇಸ್ ನುಡಿಸುವ ಮಾರ್ಕ್ ಹಾಪಸ್ ತಣ್ಣಗೆ ಹಾಡುತ್ತಾರೆ, ಗಿಟಾರ್ ನುಡಿಸುವ ಟಾಮ್ ಡಿಲಾಂಗ್ ಕೋರಸ್‌ನಲ್ಲಿ ಚೀರುತ್ತಾರೆ. 2002ರಲ್ಲಿ ಟಾಮ್ ಮತ್ತು ಟ್ರಾವಿಸ್ ಸೇರಿ ‘ಬಾಕ್ಸ್ ಕಾರ್ ರೇಸರ್’ ಹೆಸರಲ್ಲಿ ಒಂದು ಆಲ್ಬಮ್ ಮಾಡಿದರು, ಪ್ರೊಡ್ಯೂಸರ್ ಮತ್ತೆ ಫಿನ್. ಮಾರ್ಕ್ ಅದರಲ್ಲಿ ಹಾಡಿದ್ದು ಒಂದೇ ಹಾಡು, ಹೊರಗಿಟ್ಟರೆಂಬ ನೋವು ಅವರಿಗೆ ಉಳಿಯಿತು. ಅದೇ ವರ್ಷ ಟ್ರಾವಿಸ್ ‘ಟ್ರಾನ್ಸ್‌ಪ್ಲಾಂಟ್ಸ್’ ಎಂಬ ಬ್ಯಾಂಡ್ ಜೊತೆ ಹಿಪ್-ಹಾಪ್ ತಾಳಗಳಲ್ಲಿ ಮುಳುಗಿದ್ದರು. 2003ರ ಆಲ್ಬಮ್ ಎಂದರೆ ಈ ಮೂರೂ ನಾಲೆಗಳು ಒಂದೇ ಕೆರೆಗೆ ಬಂದು ಬಿದ್ದದ್ದು. ನಡುವಿನ ‘ಬಾಕ್ಸ್ ಕಾರ್ ರೇಸರ್’ ಕೇಳದೆ 2001ರಿಂದ ನೇರ 2003ಕ್ಕೆ ಜಿಗಿದವರಿಗೆ ಮಾತ್ರ ಇದು ‘ಇದ್ದಕ್ಕಿದ್ದಂತೆ’ ಅನ್ನಿಸುತ್ತದೆ. ಒಂದು ಮೆಟ್ಟಿಲು ಬಿಟ್ಟು ಇಳಿದರೆ ಕಾಲು ಜಗ್ಗುವುದು ಸಹಜ.

ಕೆಲಸದ ರೀತಿಯೂ ಬದಲಾಗಿತ್ತು. ಸ್ಯಾನ್ ಡಿಯೆಗೊ ಕಡೆ ಒಂದು ದೊಡ್ಡ ಮನೆ ಬಾಡಿಗೆಗೆ ಹಿಡಿದು, ಅಲ್ಲೇ ಸ್ಟುಡಿಯೋ ಹೂಡಿ, ಬರೆಯುತ್ತ ಬರೆಯುತ್ತ ರೆಕಾರ್ಡ್ ಮಾಡಿದರು. ಮೊದಲು ಹುಟ್ಟಿದ ‘ಫೀಲಿಂಗ್ ದಿಸ್’ನಲ್ಲಿ ಆ ಪದ್ಧತಿ ಕಿವಿಗೇ ಕಾಣುತ್ತದೆ. ಟಾಮ್, ಮಾರ್ಕ್ ಬೇರೆ ಬೇರೆ ಕೋಣೆಯಲ್ಲಿ ತಮ್ಮ ತಮ್ಮ ಭಾಗ ಬರೆದರು. ಚರಣದಲ್ಲಿ ಟಾಮ್, ಕೋರಸ್‌ನಲ್ಲಿ ಮಾರ್ಕ್, ಕೊನೆಗೆ ವಾದ್ಯಗಳೆಲ್ಲ ಸರಿದು ಎರಡು ದನಿ ಒಂದರ ಮೇಲೊಂದು ಹೆಣೆದುಕೊಳ್ಳುತ್ತವೆ. ಹಳೇ ಬ್ಲಿಂಕ್ ಮತ್ತು ಹೊಸ ಬ್ಲಿಂಕ್ ನಡುವೆ ಇದಕ್ಕಿಂತ ಒಳ್ಳೆಯ ಸೇತುವೆ ಇಲ್ಲ. ಯಾರಿಗಾದರೂ ಒಂದೇ ಹಾಡು ಕೇಳಿಸುವುದಿದ್ದರೆ ಇದನ್ನೇ ಕೇಳಿಸಿ.

ಕೇಳಿ ತೀರ್ಮಾನಿಸುವ ಕ್ರಮವನ್ನೂ ಹೇಳುತ್ತೇನೆ, ಏಕೆಂದರೆ ಅರ್ಧ ಜಗಳ ತಪ್ಪಾಗಿ ಕೇಳುವುದರಿಂದಲೇ ಹುಟ್ಟುತ್ತದೆ. ಫೋನಿನ ಸ್ಪೀಕರ್‌ನಲ್ಲಿ ಈ ಆಲ್ಬಮ್‌ನ ‘ಐ ಮಿಸ್ ಯೂ’ ಕೇಳಿ ‘ಸಪ್ಪೆ’ ಎನ್ನುವವರಿಗೆ ಆ ಹಾಡಿನ ಬೆನ್ನೆಲುಬೇ ಕೇಳಿಸಿರುವುದಿಲ್ಲ. ಅದರಲ್ಲಿರುವುದು ನಿಂತು ನುಡಿಸುವ ಡಬಲ್ ಬೇಸ್. ಆ ವಾದ್ಯದ ಅತಿ ಕೆಳಗಿನ ತಂತಿ ಸುಮಾರು 41 ಹರ್ಟ್ಸ್‌ವರೆಗೆ ಇಳಿಯುತ್ತದೆ, ಫೋನಿನ ಪುಟ್ಟ ಸ್ಪೀಕರ್ ಅದರ ಹತ್ತಿರಕ್ಕೂ ಹೋಗದು. ಇಯರ್‌ಫೋನ್ ಹಾಕಿ, ಬೇಸ್ ಬೂಸ್ಟ್ ಆಫ್ ಮಾಡಿ. ಇಲ್ಲದಿದ್ದರೆ ಚೆಲ್ಲೋ ಮತ್ತು ಬೇಸ್ ಕಲಸಿಹೋಗುತ್ತವೆ. ಆಮೇಲೆ ಬರೀ ಡ್ರಮ್ಸ್ ಹಿಂದೆ ಹೋಗಿ. ಟ್ರಾವಿಸ್ ಇಲ್ಲಿ ಕೋಲು ಬಿಟ್ಟು ಬ್ರಷ್ ಹಿಡಿದಿದ್ದಾರೆ. ವೇಗ ನಿಮಿಷಕ್ಕೆ 110 ಬೀಟ್ ಆಸುಪಾಸು. 1999ರ ‘ಆಲ್ ದಿ ಸ್ಮಾಲ್ ಥಿಂಗ್ಸ್’ನದು 150ರ ಹತ್ತಿರ. ‘ಐ ಮಿಸ್ ಯೂ’ಗೆ ಪ್ರೇರಣೆ ದಿ ಕ್ಯೂರ್ ಬ್ಯಾಂಡಿನ 1983ರ ‘ದಿ ಲವ್‌ಕ್ಯಾಟ್ಸ್’. ಅದನ್ನು ಪಕ್ಕದಲ್ಲಿಟ್ಟು ಕೇಳಿದರೆ ಡಬಲ್ ಬೇಸ್ ಎಲ್ಲಿಂದ ಬಂತೆಂದು ಯಾರೂ ಹೇಳಿಕೊಡಬೇಕಿಲ್ಲ. ಕ್ಯೂರ್‌ನ ರಾಬರ್ಟ್ ಸ್ಮಿತ್ ಅವರೇ ಇದೇ ಆಲ್ಬಮ್‌ನ ‘ಆಲ್ ಆಫ್ ದಿಸ್’ನಲ್ಲಿ ಬಂದು ಹಾಡಿದ್ದಾರೆ.

ಷಫಲ್ (ಹಾಡುಗಳ ಕ್ರಮ ಕಲೆಸುವ ಆಯ್ಕೆ) ಕಡ್ಡಾಯವಾಗಿ ಆಫ್ ಇರಲಿ. ‘ಸ್ಟಾಕ್‌ಹೋಮ್ ಸಿಂಡ್ರೋಮ್’ ಸಿಡಿಯುವ ಮೊದಲು ಒಬ್ಬ ಹೆಣ್ಣುಮಗಳು ಪತ್ರ ಓದುವುದು ಕೇಳುತ್ತದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಮಾರ್ಕ್ ಅವರ ಅಜ್ಜ ಅಜ್ಜಿಗೆ ಬರೆದ ಪತ್ರಗಳವು, ಓದಿರುವುದು ನಟಿ ಜೋಆನ್ ವ್ಹಾಲಿ. ಆ ನಿಶ್ಶಬ್ದದಿಂದ ಹಾಡು ಒಮ್ಮೆಲೇ ಮೇಲೆ ಬೀಳಬೇಕು. ಷಫಲ್ ಹಾಕಿದರೆ ಪತ್ರ ಒಂದು ಕಡೆ, ಏಟು ಇನ್ನೊಂದು ಕಡೆ. ಹಳೇ ಆಲ್ಬಮ್ ಜೊತೆ ಹೋಲಿಸುವಾಗ ಆ್ಯಪ್‌ನಲ್ಲಿ ವಾಲ್ಯೂಮ್ ಸಮ ಮಾಡುವ ಆಯ್ಕೆ ಆನ್ ಮಾಡಿಕೊಳ್ಳಿ. ಜೋರಾಗಿರುವುದೇ ಚೆನ್ನಾಗಿದೆ ಎಂದು ಕಿವಿ ಮೋಸ ಹೋಗುತ್ತದೆ. ಕೊನೆಗೆ ‘ಐಯಾಮ್ ಲಾಸ್ಟ್ ವಿದೌಟ್ ಯೂ’: ಆರು ನಿಮಿಷ ದಾಟುವ ಹಾಡು, ಮುಕ್ತಾಯದಲ್ಲಿ ಟ್ರಾವಿಸ್ ನುಡಿಸಿದ ಎರಡು ಪ್ರತ್ಯೇಕ ಡ್ರಮ್ ಟೇಕ್‌ಗಳನ್ನು ಒಂದರ ಮೇಲೊಂದು ಕೂರಿಸಿದ್ದಾರೆ. ಒಬ್ಬರೇ ಎರಡು ಜನವಾಗಿ ಜುಗಲ್‌ಬಂದಿ ನಡೆಸಿದಂತಿದೆ. ಶಾಲೆಯ ಮಾರ್ಚಿಂಗ್ ಬ್ಯಾಂಡ್‌ನಲ್ಲಿ ಪಳಗಿದ ಕೈ ಅದು.

ಅಭಿಮಾನಿಗಳ ಅಭಿಪ್ರಾಯಕ್ಕೆ ಬಂದರೆ, ‘ಪಾಪ್-ಪಂಕ್ ಬಿಟ್ಟರು’ ಎಂಬ ದೂರು ಸದ್ದಿನ ಬಗ್ಗೆ ಇದ್ದಂತೆ ಕಂಡರೂ ಅಸಲಿಗೆ ತಮಾಷೆಯ ಬಗ್ಗೆ. ಇದೇ ಆಲ್ಬಮ್‌ನ ‘ಗೋ’ ಎರಡು ನಿಮಿಷಕ್ಕೂ ಮೊದಲೇ ಮುಗಿಯುವ ಶುದ್ಧ ಓಟದ ಹಾಡು, ‘ಈಸಿ ಟಾರ್ಗೆಟ್’ನಲ್ಲೂ ಹಳೇ ಬಿರುಸು ಇದೆ. ಇಲ್ಲದಿರುವುದು ಪೋಲಿ ಜೋಕು. 2001ರ ಆಲ್ಬಮ್‌ನ ಹೆಸರೇ ಒಂದು ದ್ವಂದ್ವಾರ್ಥ. 2003ರಲ್ಲಿ ಅದೆಲ್ಲ ಪೂರ್ತಿ ನಿಂತಿತು. ನಗಿಸುತ್ತಿದ್ದ ಗೆಳೆಯ ನಗಿಸುವುದು ಬಿಟ್ಟಾಗ ಆಗುವ ಬೇಸರ ಅದು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಬೇಸರಕ್ಕೆ ಸರಿಯಾದ ಹೆಸರಿಡಿ, ಜೆರ್ರಿ ಫಿನ್ ತಲೆಗೆ ಕಟ್ಟಬೇಡಿ. ಇನ್ನೊಂದು ಕಾರಣವೂ ಇದೆ. 2005ರ ಫೆಬ್ರವರಿಯಲ್ಲಿ ಬ್ಯಾಂಡ್ ನಿಂತುಹೋಯಿತು. ಟಾಮ್ ‘ಏಂಜಲ್ಸ್ ಅಂಡ್ ಏರ್‌ವೇವ್ಸ್’ ಕಟ್ಟಿದರು, ಉಳಿದಿಬ್ಬರು ‘ಪ್ಲಸ್ ಫಾರ್ಟಿಫೋರ್’ ಕಟ್ಟಿದರು. 2009ರಲ್ಲಿ ಮತ್ತೆ ಒಂದಾಗುವವರೆಗೆ ಈ ಆಲ್ಬಮ್ಮೇ ಕೊನೆಯದು ಎಂಬ ಭಾವನೆ ಇತ್ತು. ‘ಇದರಿಂದಲೇ ಮುರಿದುಬಿತ್ತು’ ಎಂದು ಕೆಲವರು, ‘ಇದೇ ಶಿಖರ’ ಎಂದು ಕೆಲವರು ಅದಕ್ಕೆ ಭಾರ ಹೇರಿದರು. ನನ್ನ ಮತ ಎರಡನೆಯವರ ಕಡೆಗೆ.

ಇಷ್ಟು ಹೊತ್ತು ಆಲ್ಬಮ್‌ನ ಹೆಸರು ಹೇಳದೆ ‘2003ರದು’ ಎನ್ನುತ್ತ ಬಂದದ್ದು ಮರೆವಿನಿಂದಲ್ಲ. ಯಾರೂ ಕೇಳಲಿಲ್ಲ, ಆದರೂ ಹೇಳಬೇಕು: ಅದಕ್ಕೆ ಹೆಸರೇ ಇಲ್ಲ. ಬ್ಯಾಂಡಿನ ಹೆಸರನ್ನೇ ಆಲ್ಬಮ್‌ಗೆ ಇಡುವುದು ಒಂದು, ಹೆಸರನ್ನೇ ಇಡದಿರುವುದು ಇನ್ನೊಂದು. ಇದು ಎರಡನೇ ಬಗೆ. ಮುಖಪುಟದಲ್ಲಿರುವುದು ಕಣ್ಣಿನ ಜಾಗದಲ್ಲಿ ‘X’ ಗುರುತು, ಪಕ್ಕದಲ್ಲಿ ಬಾಣಗಳಿರುವ ನಗುಮುಖ. ಸ್ಟ್ರೀಮಿಂಗ್ ಆ್ಯಪ್‌ಗಳಲ್ಲಿ ಹೆಸರಿನ ಜಾಗ ಖಾಲಿ ಬಿಡಲು ಬರುವುದಿಲ್ಲವಾದ್ದರಿಂದ ಅಲ್ಲಿ ಬ್ಯಾಂಡಿನ ಹೆಸರೇ ಕಾಣಿಸುತ್ತದೆ, ಅದನ್ನು ನೋಡಿ ‘ಸೆಲ್ಫ್-ಟೈಟಲ್ಡ್’ ಎನ್ನುವ ಅಭ್ಯಾಸ ಬೆಳೆದಿದೆ. ಹುಡುಕುವಾಗ ‘ಬ್ಲಿಂಕ್-182’ ಎಂದು ಹಾಕಿ, ಆಲ್ಬಮ್ ಪಟ್ಟಿಯಲ್ಲಿ 2003 ಎಂಬ ವರ್ಷ ನೋಡಿ ತೆರೆಯಿರಿ. ಮೊದಲ ಹಾಡು ‘ಫೀಲಿಂಗ್ ದಿಸ್’, ಕೊನೆಯದು ‘ಐಯಾಮ್ ಲಾಸ್ಟ್ ವಿದೌಟ್ ಯೂ’ ಇದ್ದರೆ ಸರಿಯಾದದ್ದೇ ಸಿಕ್ಕಿದೆ. ಅದರಾಚೆ ಇರುವವು ಬೋನಸ್ ಹಾಡುಗಳು, ಮೊದಲ ಸಲ ಕೇಳುವಾಗ ಅವನ್ನು ಬಿಟ್ಟುಬಿಡಿ.